ಹುಡುಗರ ಡೆಮೊ

ಮೂವತ್ತು ವರ್ಷಗಳಿಂದ ಮಕ್ಕಳ ಪ್ರಬಂಧ ತಿದ್ದುತ್ತ ಬಂದವಳು ನಾನು. ಹಾರ್ಡ್ ರಾಕ್ ಸಂಗೀತವನ್ನು ತಿದ್ದುವ ಅಧಿಕಾರ ನನಗಿಲ್ಲ. ಆದರೂ ನಮ್ಮ ಮೈಸೂರಿನ ನಾಲ್ವರು ಹುಡುಗರು ತಮ್ಮ ತಂಡದ ಡೆಮೊ ತಂದುಕೊಟ್ಟು, "ಕೇಳಿ ಹೇಳಿ ಮೇಡಂ" ಎಂದರು. ಹಾಡುವವನು ನನ್ನ ಹಳೆಯ ವಿದ್ಯಾರ್ಥಿ. ಕೇಳಿದೆ. "ಚೆನ್ನಾಗಿದೆಯಪ್ಪ" ಎಂದೆ. ಅದು ಸುಳ್ಳು. ಆ ಸುಳ್ಳು ಮನಸ್ಸಿಗೆ ಚುಚ್ಚುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಡೆಮೊ ಎಂದರೆ ಮಾರಾಟದ ಆಲ್ಬಂ ಅಲ್ಲ. ಕಾರ್ಯಕ್ರಮ ಏರ್ಪಡಿಸುವವರಿಗೆ, ಧ್ವನಿಮುದ್ರಣ ಕಂಪನಿಯವರಿಗೆ "ನಾವು ಹೀಗೆ ನುಡಿಸುತ್ತೇವೆ" ಎಂದು ತೋರಿಸುವ ಮಾದರಿ. ಗಂಡಿನ ಕಡೆಯವರಿಗೆ ಕಳಿಸುವ ಫೋಟೋ ಇದ್ದಂತೆ. ಈ ಫೋಟೋದಲ್ಲಿ ಪೌಡರು ಹೆಚ್ಚಾಗಿ ಮುಖವೇ ಕಾಣದಂತಾಗಿದೆ.

ನನ್ನ ತಕರಾರು ಗದ್ದಲದ ಮೇಲಲ್ಲ. ಈ ಸಂಗೀತದಲ್ಲಿ ಗಿಟಾರಿನ ನಾದವನ್ನು ಬೇಕೆಂದೇ ಒರಟು ಮಾಡುತ್ತಾರೆ. ಆ ಒರಟಿನಲ್ಲಿ ಗಾಂಧಾರ ಸೇರಿದರೆ ನಾದ ಕಲಸಿಹೋಗುತ್ತದೆಂದು, ಹೆಚ್ಚಾಗಿ ಷಡ್ಜ ಪಂಚಮಗಳನ್ನಷ್ಟೇ ಒತ್ತಿ ಹಿಡಿಯುತ್ತಾರೆ. ಅದನ್ನು ಪವರ್ ಕಾರ್ಡ್ ಎನ್ನುತ್ತಾರೆ. ನಮ್ಮ ತಂಬೂರಿಯಲ್ಲಿ ಸಾಮಾನ್ಯವಾಗಿ ಮಿಡಿಯುವುದೂ ಇವೇ ಎರಡು ಸ್ವರ. ಇದು ತಿಳಿದ ಮೇಲೆ ಆ ಸದ್ದು ನನಗೆ ಪರಕೀಯವಾಗಿ ಕೇಳಿಲ್ಲ.

ಇದೇ ಹುಡುಗರನ್ನು 2023ರಲ್ಲಿ ಒಂದು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಕೇಳಿದ್ದೆ. ಹಾಡಿನ ನಡುವೆ ಕರೆಂಟು ಹೋಯಿತು. ಗಿಟಾರುಗಳು ಸತ್ತವು. ಡ್ರಮ್ಸ್ ಹುಡುಗ ಮಾತ್ರ ಬಿಡಲಿಲ್ಲ. ನನ್ನ ಶಿಷ್ಯ ಮೈಕಿಲ್ಲದೆ ಗಂಟಲು ಹರಿಯುವಂತೆ ಹಾಡುತ್ತ ವೇದಿಕೆಯ ಅಂಚಿಗೆ ಬಂದ. ಹಿಂದಿನ ಸಾಲಿನವರೂ ಎದ್ದು ನಿಂತರು. ನಾನೂ ನಿಂತೆ.

ಡೆಮೊದಲ್ಲಿ ಆ ಹುಡುಗ ಇಲ್ಲ. ಇರುವುದು ನಾಲ್ಕು ಹಾಡು. ಡ್ರಮ್ಸ್ ನುಡಿಸಿದ್ದು ಕಂಪ್ಯೂಟರು. ಉಳಿದವರು ಒಬ್ಬೊಬ್ಬರಾಗಿ ಬೇರೆ ಬೇರೆ ದಿನ ಬಂದು ತಮ್ಮ ಪಾಲನ್ನು ಮುದ್ರಿಸಿ ಹೋಗಿದ್ದಾರೆ. ತಾಳ ಒಂದಿಷ್ಟೂ ತಪ್ಪಿಲ್ಲ, ಆದರೆ ಒಬ್ಬರು ಇನ್ನೊಬ್ಬರಿಗೆ ಕಿವಿಗೊಟ್ಟ ಗುರುತೂ ಇಲ್ಲ. ಮೆಲು, ಜೋರು ಎಂಬ ಭೇದವಿಲ್ಲದೆ ಎಲ್ಲವನ್ನೂ ಒಂದೇ ಎತ್ತರಕ್ಕೆ ಏರಿಸಿದ್ದರಿಂದ ಜೋರು ಎನ್ನುವುದಕ್ಕೆ ಅರ್ಥವೇ ಉಳಿದಿಲ್ಲ. ಎರಡೆರಡು ಪದರ ಗಿಟಾರಿನ ಕೆಳಗೆ ಕಂಠ ಹೂತುಹೋಗಿದೆ. ಮೂರನೆಯ ಹಾಡಿನ ಆರಂಭದಲ್ಲಿ ಬೇಸ್ ಗಿಟಾರ್ ಒಂದೇ ನುಡಿಯುವ ಜಾಗವಿದೆ. ಅಲ್ಲಿ ಮಾತ್ರ ಉಸಿರಾಡಿದೆ.

ಸಾಹಿತ್ಯ ಇಂಗ್ಲಿಷಿನಲ್ಲಿದೆ. ಇರಲಿ, ಭಾಷೆ ಅವರ ಇಷ್ಟ. ಆದರೆ ಹಾಡಿನಲ್ಲಿ ಬರುವುದು ಹಿಮ, ತೋಳ, ಕೊನೆಯಿಲ್ಲದ ಹೆದ್ದಾರಿ. ನನ್ನ ಶಿಷ್ಯ ನಂಜನಗೂಡಿನ ಕಡೆ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ ಮಾಡಿ ಬೆಳಗಿನ ಜಾವ ಹಳೆಯ ಬೈಕಿನಲ್ಲಿ ಮನೆಗೆ ಬರುತ್ತಾನೆ. ಆ ದಾರಿ ಒಂದು ಸಾಲಿನಲ್ಲೂ ಇಲ್ಲ.

ಈ ಹುಡುಗರು ದೇವರಂತೆ ಕಾಣುವ ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬಾತ್ ತಂಡ ತನ್ನ ಮೊದಲ ಆಲ್ಬಮ್ಮನ್ನು 1969ರ ಅಕ್ಟೋಬರಿನಲ್ಲಿ ಹೆಚ್ಚುಕಡಿಮೆ ಒಂದೇ ದಿನದಲ್ಲಿ, ಒಟ್ಟಿಗೆ ನುಡಿಸಿ ಮುದ್ರಿಸಿತು. ಅದರ ಗಿಟಾರ್ ವಾದಕ ಟೋನಿ ಅಯೋಮಿ ಹದಿನೇಳನೆಯ ವಯಸ್ಸಿನಲ್ಲಿ ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳೆದುಕೊಂಡವರು. ಬೆರಳಿಗೆ ತಾವೇ ಮಾಡಿಕೊಂಡ ಟೊಪ್ಪಿ ತೊಟ್ಟು, ಒತ್ತಲು ಹಗುರವಾದ ತಂತಿ ಹಾಕಿಕೊಂಡು ನುಡಿಸಿದರು. ಕಾರ್ಖಾನೆಯ ಆ ಪೆಟ್ಟು ಅವರ ನಾದದೊಳಗೇ ಸೇರಿಕೊಂಡಿತು. ನಮ್ಮ ಹುಡುಗರು ಅವರಿಂದ ಸದ್ದನ್ನು ಕಲಿತರು, ಇದನ್ನು ಕಲಿಯಲಿಲ್ಲ.

ಗೈಡ್ ನೋಡಿ ಬರೆದ ಪ್ರಬಂಧ ನನಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಅದರಲ್ಲಿ ಕಾಗುಣಿತದ ತಪ್ಪೇ ಇರುವುದಿಲ್ಲ. ಹಾಗೆ ಬರೆಯುವ ಮಗು ಸೋಮಾರಿಯಲ್ಲ, ತನ್ನ ಮಾತು ಸಾಲದೆಂದು ಹೆದರಿದ ಮಗು. ಈ ಡೆಮೊದಲ್ಲಿ ನನಗೆ ಕೇಳಿಸಿದ್ದು ಆ ಹೆದರಿಕೆ. ಅದಕ್ಕೆ "ಚೆನ್ನಾಗಿದೆ" ಎಂದು ಸಹಿ ಹಾಕಿದವಳು ನಾನೇ.

ಭಾನುವಾರ ಅವನನ್ನು ಮನೆಗೆ ಕರೆದಿದ್ದೇನೆ. ಇದನ್ನು ಅವನಿಗೇ ಮೊದಲು ಓದಿ ಹೇಳುತ್ತೇನೆ. ಕೋಪಿಸಿಕೊಂಡು ಎದ್ದು ಹೋದರೂ ಹೋದಾನು. ಹೋಗುವ ಮುಂಚೆ, ಕರೆಂಟು ಹೋದಾಗ ಹಾಡಿದ ಆ ಹಾಡು ಡೆಮೊದಲ್ಲಿ ಏಕಿಲ್ಲ ಎಂದು ಕೇಳಬೇಕು.