ಭರತೇಶನ ಭೋಗಕ್ಕೆ ಅಳತೆಯಿತ್ತು

ರತ್ನಾಕರವರ್ಣಿಯ ಮಾತು ಬಂದಲ್ಲೆಲ್ಲ, ಅದು ಮೂಡುಬಿದಿರೆಯ ಸಭೆಯಾಗಲಿ, ಬಂಟ್ವಾಳ, ಬೆಳ್ತಂಗಡಿ ಕಡೆಯ ಕನ್ನಡ ತರಗತಿಯಾಗಲಿ, ಒಂದು ವಾಕ್ಯ ತಪ್ಪದೆ ಕೇಳಿಬರುತ್ತದೆ: ಇವನು ಭೋಗ ಮತ್ತು ಯೋಗಗಳನ್ನು ಸಮನ್ವಯಗೊಳಿಸಿದ ಕವಿ. ಅದರ ಬೆನ್ನಿಗೇ ತಾವರೆ ಎಲೆಯ ಮೇಲಿನ ನೀರಹನಿ ಬರುತ್ತದೆ. 96,000 ರಾಣಿಯರ ನಡುವೆ ಇದ್ದೂ ಭರತ ಚಕ್ರವರ್ತಿ ಯಾವುದಕ್ಕೂ ಅಂಟಿಕೊಳ್ಳಲಿಲ್ಲ, ಆದ್ದರಿಂದ ಅವನ ಸುಖ ಅವನನ್ನು ಕೆಡಿಸಲಿಲ್ಲ ಎಂಬ ವಿವರಣೆ. ಭಾಷಣ ಇನ್ನೂ ಸ್ವಲ್ಪ ಮುಂದುವರಿದರೆ ಗ್ರೀಕರ ಹೆಸರೂ ಬರುವುದುಂಟು. ಅಲ್ಲಿ ಎಪಿಕ್ಯೂರಸ್ ಎಂಬವನಿದ್ದ, ನಮ್ಮ ಚಾರ್ವಾಕರ ಹಾಗೆ ತಿಂದುಂಡು ಸುಖವಾಗಿರಿ ಎಂದವನು. ಅವರಿಗೆ ಭೋಗ ಮಾತ್ರ ಗೊತ್ತಿತ್ತು, ಭೋಗದ ನಡುವೆಯೇ ಯೋಗವನ್ನು ಕಂಡವರು ನಾವು.

ಎರಡೂ ತಪ್ಪು ಓದು, ಮತ್ತು ಒಂದೇ ಕಾರಣಕ್ಕೆ ತಪ್ಪು. ಸುಖ ಬಾಳಿಕೆ ಬರುವುದು ಮನಸ್ಸಿನೊಳಗಿನ, ಯಾರಿಗೂ ಕಾಣದ ನಿರ್ಲಿಪ್ತತೆಯಿಂದ ಎಂದು ನಾವು ಮೊದಲೇ ತೀರ್ಮಾನಿಸಿಬಿಟ್ಟಿದ್ದೇವೆ. ಹಾಗಾಗಿ ರತ್ನಾಕರವರ್ಣಿಯ ಭರತೇಶ ವೈಭವ ಕಾವ್ಯದಲ್ಲಿ ಕಣ್ಣೆದುರೇ ಇರುವ ಅಳತೆ, ಹೊತ್ತುವೇಳೆ, ಸರದಿಗಳು ನಮ್ಮ ಗಮನಕ್ಕೆ ಬರುವುದಿಲ್ಲ. ಎಪಿಕ್ಯೂರಸ್ ಇಡೀ ಜೀವಮಾನ ಮಾತಾಡಿದ್ದು ಆ ಅಳತೆಯ ಬಗ್ಗೆಯೇ ಎಂಬುದೂ ಬರುವುದಿಲ್ಲ.

ನಿರ್ಲಿಪ್ತತೆಯ ವಾದಕ್ಕೆ ಆಧಾರವಾಗಿ ಪ್ರವಚನಗಳಲ್ಲಿ ಹೇಳುವ ಒಂದು ಕಥೆಯಿದೆ. ಇಷ್ಟೊಂದು ವೈಭವದಲ್ಲಿರುವವನು ವಿರಾಗಿ ಆಗಿರಲು ಹೇಗೆ ಸಾಧ್ಯ ಎಂದು ಒಬ್ಬನಿಗೆ ಸಂಶಯ. ಭರತ ಅವನ ಕೈಗೆ ಅಂಚಿನವರೆಗೆ ಎಣ್ಣೆ ತುಂಬಿದ ಬಟ್ಟಲು ಕೊಟ್ಟು, ಒಂದು ತೊಟ್ಟು ಚೆಲ್ಲಿದರೂ ತಲೆ ಉರುಳುತ್ತದೆಂದು ಹೇಳಿ, ಊರು ಸುತ್ತಿ ಬರಲು ಕಳಿಸುತ್ತಾನೆ. ಬೀದಿಯಲ್ಲಿ ಹಾಡು, ಕುಣಿತ, ಸಂತೆ. ಅವನು ಸುತ್ತಿ ಬಂದ ಮೇಲೆ ಏನೇನು ಕಂಡೆ ಎಂದು ಕೇಳಿದರೆ ಬಟ್ಟಲು ಬಿಟ್ಟು ಬೇರೇನೂ ಕಂಡಿಲ್ಲ. ನಾನೂ ಹಾಗೆಯೇ, ನನ್ನ ಗಮನವೆಲ್ಲ ಆತ್ಮದಲ್ಲಿ ಎನ್ನುತ್ತಾನೆ ಭರತ.

ಕೇಳಲು ಚೆನ್ನಾದ ಕಥೆ. ಆದರೆ ಅದು ಸಾಬೀತು ಮಾಡುವುದು ಏನನ್ನು? ಬಟ್ಟಲು ಹಿಡಿದವನು ಹಾಡು ಕೇಳಲಿಲ್ಲ, ಕುಣಿತ ನೋಡಲಿಲ್ಲ. ಅವನಿಗೆ ಆ ಬೀದಿಯಲ್ಲಿ ಭೋಗವೇ ಆಗಲಿಲ್ಲ. ಭರತನೂ ಹಾಗೆಯೇ ಎಂದಾದರೆ ಅರಮನೆಯ ಊಟದ ರುಚಿ, ವೀಣೆಯ ನಾದ ಯಾವುದೂ ಅವನನ್ನು ಮುಟ್ಟಿಲ್ಲ ಎಂದಾಯಿತು. ಆಗ ಯೋಗ ಮಾತ್ರ ಉಳಿಯಿತು; ಸಮನ್ವಯಕ್ಕೆ ಎರಡು ಬೇಕಲ್ಲ? ಮುಟ್ಟಿದೆ ಎನ್ನುವುದಾದರೆ ಎಣ್ಣೆ ಚೆಲ್ಲಿರಬೇಕು. ಸಮನ್ವಯವನ್ನು ಸಮರ್ಥಿಸಲು ಹೇಳುವ ಕಥೆಯೇ ಸಮನ್ವಯವನ್ನು ಕೆಡಹುತ್ತದೆ.

ಈ ತೊಡಕನ್ನು ನೇರವಾಗಿ ಎದುರಿಸಿದವನು ಅರಿಸ್ಟಾಟಲ್. ನಿಕೊಮಾಕಿಯನ್ ಎಥಿಕ್ಸ್‌ನ 10ನೇ ಪುಸ್ತಕದಲ್ಲಿ ಅವನು ಕೊಡುವ ಉದಾಹರಣೆ ಯಕ್ಷಗಾನ ನೋಡಿ ಬೆಳೆದ ನಮ್ಮ ಊರಿನವರಿಗೆ ತಕ್ಷಣ ಹತ್ತಿರವಾಗುವಂಥದು. ಕೊಳಲಿನ ಹುಚ್ಚಿರುವವನು ತತ್ತ್ವದ ಚರ್ಚೆಯಲ್ಲಿ ಕುಳಿತಿರುವಾಗ ಎಲ್ಲೋ ಕೊಳಲು ಕೇಳಿಸಿದರೆ ಚರ್ಚೆ ಅವನ ಕೈತಪ್ಪುತ್ತದೆ. ನಾಟಕ ನೋಡುತ್ತ ಜನ ತಿಂಡಿ ಮೆಲ್ಲುವುದು ನಟರು ಕಳಪೆಯಾಗಿದ್ದಾಗಲೇ ಹೆಚ್ಚು. ಒಂದು ಕೆಲಸದ ಸುಖ ಆ ಕೆಲಸವನ್ನು ಗಟ್ಟಿಗೊಳಿಸುತ್ತದೆ, ಪಕ್ಕದ ಇನ್ನೊಂದು ಕೆಲಸವನ್ನು ಸಡಿಲಗೊಳಿಸುತ್ತದೆ. ಹಾಗಿದ್ದರೆ ಎರಡೂ ಬೇಕೆನ್ನುವವನು ಏನು ಮಾಡಬೇಕು? ಒಂದೇ ಗಳಿಗೆಯಲ್ಲಿ ಎರಡನ್ನೂ ಹಿಡಿಯಲು ಹೋಗದೆ, ಒಂದೊಂದಕ್ಕೂ ಅದರದರ ಹೊತ್ತು ಕೊಡಬೇಕು. ಇಡೀ ಆಯುಸ್ಸನ್ನು ಲೆಕ್ಕಕ್ಕೆ ಹಿಡಿದು ಬದುಕು ಚೆನ್ನಾಗಿತ್ತೇ ಎಂದು ಕೇಳಬೇಕು ಎಂದು ಅರಿಸ್ಟಾಟಲ್ ಒತ್ತಿ ಹೇಳುವುದಕ್ಕೂ ಇದಕ್ಕೂ ಸಂಬಂಧವಿದೆ.

ತಾವರೆ ಎಲೆಯ ಭರತನಿಗೆ ಗ್ರೀಕರಲ್ಲಿ ಜೋಡಿ ಹುಡುಕುವುದಾದರೆ ಸಿಗುವವನು ಸೈರೀನಿನ ಅರಿಸ್ಟಿಪ್ಪಸ್. ಸಾಕ್ರೆಟೀಸನ ಒಡನಾಡಿ, ಆ ಗಳಿಗೆಯ ದೈಹಿಕ ಸುಖವೇ ಪರಮಾರ್ಥ ಎಂದ ಪಂಥ ಬೆಳೆದದ್ದು ಅವನ ಹೆಸರಿನಲ್ಲಿ. ಲಾಯಿಸ್ ಎಂಬ ವೇಶ್ಯೆಯ ಸಂಗದಲ್ಲಿದ್ದುದಕ್ಕೆ ಜನ ಆಡಿಕೊಂಡಾಗ, ಅವಳು ನನ್ನ ಹಿಡಿತದಲ್ಲಿದ್ದಾಳೆಯೇ ಹೊರತು ನಾನು ಅವಳ ಹಿಡಿತದಲ್ಲಿಲ್ಲ ಎಂಬರ್ಥದ ಉತ್ತರ ಕೊಟ್ಟನಂತೆ. ನಮ್ಮ ನಿರ್ಲಿಪ್ತತೆಯ ವಾದ ಇದಕ್ಕಿಂತ ಎಲ್ಲಿ ಭಿನ್ನ? ಉಣ್ಣುತ್ತೇನೆ, ಆದರೆ ಅಂಟಿಸಿಕೊಳ್ಳುವುದಿಲ್ಲ ಎಂದು ಹೇಳುವವನ ಮಾತನ್ನು ಪರೀಕ್ಷಿಸುವ ದಾರಿ ಹೊರಗಿನವರಿಗಿಲ್ಲ. ಅವನ ಸಾಕ್ಷಿಗೆ ಅವನೇ ಸಾಕ್ಷಿ.

ಜೈನ ಆಗಮಗಳನ್ನು ಬಲ್ಲವರು ಇಲ್ಲಿ ಕುಂದಕುಂದರ ಸಮಯಸಾರವನ್ನು ಮುಂದಿಡುತ್ತಾರೆ. ಸಮ್ಯಗ್ದೃಷ್ಟಿ ಉಳ್ಳವನಿಗೆ ವಿಷಯಗಳ ಉಪಭೋಗವೂ ಕರ್ಮನಿರ್ಜರೆಗೆ ಕಾರಣ ಎಂದು ಅಲ್ಲಿದೆಯಲ್ಲ ಎನ್ನುತ್ತಾರೆ. ಇದೆ. ಸಮನ್ವಯದ ಪಕ್ಷಕ್ಕಿರುವ ಅತಿ ಗಟ್ಟಿಯಾದ ಆಧಾರ ಇದೇ. ಆದರೆ ಆ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಅಮೃತಚಂದ್ರಸೂರಿ ನಿರ್ಜರೆಯ ಆ ಭಾಗದಲ್ಲೇ, ಇದು ನನ್ನದಲ್ಲ, ಆದರೂ ಭೋಗಿಸುತ್ತೇನೆ ಎನ್ನುವ ಜ್ಞಾನಿಯನ್ನು ನೇರವಾಗಿ ಗದರಿಸುತ್ತಾರೆ: ನಿನ್ನದಲ್ಲದ್ದನ್ನು ಉಣ್ಣುತ್ತಿದ್ದೀಯಾದರೆ ನಿನ್ನ ಭೋಗ ಕೆಟ್ಟ ಭೋಗವೇ ಎಂಬುದು ಅದರ ತಾತ್ಪರ್ಯ. ಅರಿಸ್ಟಿಪ್ಪಸನ ಹೆಸರೇ ಕೇಳಿರದ ಆಚಾರ್ಯರು ಅರಿಸ್ಟಿಪ್ಪಸನಿಗೆ ಕೊಟ್ಟ ಉತ್ತರದಂತಿದೆ ಅದು. ಅಲ್ಲದೆ, ಭೋಗದಿಂದ ಕರ್ಮ ಉದುರುತ್ತದೆ ಎನ್ನುವಾಗ ಭೋಗಕ್ಕೆ ಸ್ವಂತ ಬೆಲೆ ಏನೂ ಉಳಿಯುವುದಿಲ್ಲ. ಹಳೆಯ ಸಾಲ ತೀರುತ್ತಿದೆ ಅಷ್ಟೇ. ಅದನ್ನು ಸಮನ್ವಯ ಎನ್ನುವುದು ಸರಿಯಲ್ಲ.

ಇನ್ನು ಕಾವ್ಯಕ್ಕೇ ಬರೋಣ. 80 ಸಂಧಿಗಳ, ಸುಮಾರು 10,000 ಸಾಂಗತ್ಯ ಪದ್ಯಗಳ ಈ ಕೃತಿಯಲ್ಲಿ ಮೊದಲ ಭಾಗವೇ ಭೋಗವಿಜಯ. ಹೆಸರು ಕೇಳಿದವರು ಶೃಂಗಾರವನ್ನು ನಿರೀಕ್ಷಿಸುತ್ತಾರೆ. ಶೃಂಗಾರ ಅಲ್ಲಿ ಧಾರಾಳವಾಗಿದೆ. ಆದರೆ ಅದರ ಆರಂಭದ ಸಂಧಿಗಳ ಕ್ರಮವನ್ನು ನೋಡಿ. ಆಸ್ಥಾನ ಮುಗಿಯುತ್ತದೆ, ಊಟದ ಹೊತ್ತು. ಮೊದಲು ಮುನಿಭುಕ್ತಿ ಸಂಧಿ, ಅದಾದ ಮೇಲೆ ರಾಜಭುಕ್ತಿ ಸಂಧಿ. ಷಟ್ಖಂಡದ ಒಡೆಯ ಉಣ್ಣದೆ ಮುನಿಗಳ ದಾರಿ ಕಾಯುತ್ತಾನೆ. ಅವರು ಬಂದು, ಅವರ ಆಹಾರವಾದ ಮೇಲೆ ಅವನ ಎಲೆ. ಹಸಿದ ಹೊಟ್ಟೆಯಲ್ಲಿ ಕಾಯುವ ಆ ಹೊತ್ತನ್ನು ಕವಿ ಹಾರಿಸಿ ಹೋಗುವುದಿಲ್ಲ, ಅದಕ್ಕೊಂದು ಪೂರ್ಣ ಸಂಧಿಯನ್ನೇ ಕೊಡುತ್ತಾನೆ. ಆಮೇಲಿನ ಊಟ ಸವಿಯಾಗಿದೆ, ಜೊತೆಯಲ್ಲಿ ಕೂತವರಿದ್ದಾರೆ, ಮಾತಿದೆ, ನಗೆಯಿದೆ. ಭರತ ಆ ಊಟವನ್ನು ಎಣ್ಣೆಬಟ್ಟಲಿನವನಂತೆ ಕಾಣದೆ ಉಂಡ ಎಂದು ಅಲ್ಲಿಯ ಯಾವ ಪದ್ಯದ ದನಿಯೂ ನನಗೆ ಹೇಳಿಲ್ಲ. ಅವನು ಮನಸಾರೆ ಉಣ್ಣುತ್ತಾನೆ. ತನ್ನ ಸರದಿ ಬಂದಾಗ ಉಣ್ಣುತ್ತಾನೆ.

ಭೋಗವಿಜಯದೊಳಗೇ ಮುಂದೆ ಪರ್ವಾಭಿಷೇಕ ಬರುತ್ತದೆ, ಉಪವಾಸ ಬರುತ್ತದೆ, ಪಾರಣೆ ಬರುತ್ತದೆ. ಇವನ್ನು ಮುಂದೆ ಬರುವ ಯೋಗವಿಜಯ ಭಾಗಕ್ಕೆ ಎತ್ತಿಡಬಹುದಿತ್ತು. ರತ್ನಾಕರ ಹಾಗೆ ಮಾಡದೆ ಭೋಗದ ಕಥೆಯಲ್ಲೇ ಇಟ್ಟ. ಭೋಗ ಅಂದರೆ ಅವನ ಪಾಲಿಗೆ ಉಪವಾಸವನ್ನೂ ಒಳಗೊಂಡ ಒಂದು ದಿನಚರಿ. ಅರಿಸ್ಟಾಟಲ್ ಇನ್ನೊಂದು ಕಡೆ ಒಂದು ಪರೀಕ್ಷೆ ಸೂಚಿಸುತ್ತಾನೆ: ಸುಖವನ್ನು ಬಿಟ್ಟಿದ್ದಾಗ ಆ ಬಿಡುವಿಕೆಯಲ್ಲೇ ಸಂತೋಷಪಡುವವನು ಸಂಯಮಿ, ಬಿಟ್ಟು ಒಳಗೊಳಗೇ ಕುದಿಯುವವನು ಭೋಗಲಾಲಸ. ಇದು ಹೊರಗಿನಿಂದ ನೋಡಬಹುದಾದ ಪರೀಕ್ಷೆ. ಪರ್ವದ ದಿನ ಭರತ ಉಲ್ಲಾಸದಿಂದಲೇ ಇರುತ್ತಾನೆ, ಪರೀಕ್ಷೆಯಲ್ಲಿ ಗೆಲ್ಲುತ್ತಾನೆ.

ಎಪಿಕ್ಯೂರಸ್ ಮಾಡಿದ್ದೂ ಇದನ್ನೇ. ಕೆಲವು ದಿನ ಬೇಕೆಂದೇ ಅತಿ ಕಡಿಮೆ ಉಂಡು, ತನ್ನ ಸುಖದಲ್ಲಿ ಏನಾದರೂ ಕೊರೆಯಾಯಿತೇ ಎಂದು ನೋಡಿಕೊಳ್ಳುತ್ತಿದ್ದ ಎಂದು ರೋಮಿನ ಸೆನೆಕ ಬರೆದಿದ್ದಾನೆ, ಅದೂ ಎದುರು ಪಂಥದವನಾಗಿ. ಕ್ರಿ.ಪೂ. 341ರಲ್ಲಿ ಸಾಮೊಸ್ ದ್ವೀಪದಲ್ಲಿ ಹುಟ್ಟಿ ಅಥೆನ್ಸಿನ ಒಂದು ತೋಟದಲ್ಲಿ ಗೆಳೆಯರ ಜೊತೆ ಬಾಳಿದವನು ಅವನು. ಆ ತೋಟದಲ್ಲಿ ಹೆಂಗಸರೂ ಗುಲಾಮರೂ ಕೂತು ತತ್ತ್ವ ಓದುತ್ತಿದ್ದರು. ರೊಟ್ಟಿ, ನೀರು ದಿನದ ಊಟ. ಒಂದು ಗಡಿಗೆ ಗಿಣ್ಣು ಕಳಿಸಿಕೊಟ್ಟರೆ ಬೇಕೆನಿಸಿದಾಗ ಔತಣ ಮಾಡುತ್ತೇನೆ ಎಂದು ಗೆಳೆಯನಿಗೆ ಬರೆದಿದ್ದ. ಸುಖವೇ ಗುರಿ ಎಂದದ್ದು ನಿಜ, ಅದರಲ್ಲಿ ಅವನು ಮುಚ್ಚುಮರೆ ಮಾಡಲಿಲ್ಲ. ಆದರೆ ಸುಖ ಅಂದರೆ ದೇಹಕ್ಕೆ ನೋವಿಲ್ಲದಿರುವುದು, ಮನಸ್ಸಿಗೆ ಕಳವಳವಿಲ್ಲದಿರುವುದು ಎಂದು ಮೆನೊಯಿಕೆಯಸನಿಗೆ ಬರೆದ ಪತ್ರದಲ್ಲಿ ಬಿಡಿಸಿ ಹೇಳಿದ. ಆಸೆಗಳನ್ನು ಮೂರು ಬಗೆ ಮಾಡಿದ: ಸಹಜವೂ ಅಗತ್ಯವೂ ಆದವು, ಸಹಜವಾದರೂ ಅಗತ್ಯವಲ್ಲದವು, ಎರಡೂ ಅಲ್ಲದವು. ಮೊದಲನೆಯವಕ್ಕೆ ಮಿತಿಯಿದೆ, ಸುಲಭವಾಗಿ ಈಡೇರುತ್ತವೆ. ಕೊನೆಯವಕ್ಕೆ, ಅಂದರೆ ಕೀರ್ತಿ, ಅಧಿಕಾರ, ಅತಿಯಾದ ಸಂಪತ್ತುಗಳ ಆಸೆಗೆ, ಮಿತಿಯೇ ಇಲ್ಲ.

ಇಂಥವನು ಹೊಟ್ಟೆಬಾಕನೆಂದು ಹೆಸರಾದದ್ದು ಹೇಗೆ? ತೋಟ ಬಿಟ್ಟುಹೋದ ಟಿಮೊಕ್ರಟೀಸ್ ಎಂಬ ಶಿಷ್ಯ, ಗುರು ತಿಂದದ್ದು ಹೆಚ್ಚಾಗಿ ದಿನಕ್ಕೆರಡು ಸಲ ವಾಂತಿ ಮಾಡುತ್ತಿದ್ದ ಎಂದು ಹಬ್ಬಿಸಿದ. ಸ್ಟೋಯಿಕ್ ಪಂಥದ ಡಿಯೊಟಿಮಸ್ 50 ಅಸಭ್ಯ ಪತ್ರಗಳನ್ನು ಅವನ ಹೆಸರಿನಲ್ಲಿ ಹೊರತಂದ. ಜೀವನಚರಿತ್ರಕಾರ ಡಯೊಜನೀಸ್ ಲೇರ್ಷಿಯಸ್ ಇವನ್ನೆಲ್ಲ ದಾಖಲಿಸಿ, ಹೀಗೆ ಹೇಳುವವರಿಗೆ ತಲೆ ಸರಿಯಿಲ್ಲ ಎಂದು ತಳ್ಳಿಹಾಕಿದ್ದಾನೆ. ಆದರೂ ಗಾಳಿಮಾತೇ ಗೆದ್ದಿತು. ನಮ್ಮ ಕವಿಗೂ ಇದೇ ಗತಿ ಆಗಿದೆ. ರಾಜಕುಮಾರಿಯೊಂದಿಗೆ ರತ್ನಾಕರನ ಪ್ರಣಯ, ಕಾವ್ಯವನ್ನು ಆನೆಯ ಮೇಲೆ ಮೆರೆಸಲು ಒಪ್ಪದಿದ್ದಾಗಿನ ಮುನಿಸು, ಮತಾಂತರ, ಮತ್ತೆ ಮರಳಿದ್ದು ಇವೆಲ್ಲ ನಮಗೆ ತಿಳಿದಿರುವುದು ಸುಮಾರು ಮೂರು ಶತಮಾನಗಳ ನಂತರ ದೇವಚಂದ್ರ ಬರೆದ ರಾಜಾವಳಿ ಕಥೆಯಿಂದ. ಆ ಕಥೆಯ ಬಣ್ಣ ಕಣ್ಣಿಗೆ ಮೆತ್ತಿಕೊಂಡಿರುವಾಗ ಭೋಗವಿಜಯ ಓದಿದರೆ ಮುನಿಭುಕ್ತಿಯ ಬಾಗಿಲು ಕಾಣದೆ ಶಯ್ಯಾಗೃಹದ ಬಾಗಿಲು ಮಾತ್ರ ಕಾಣುವುದು ಆಶ್ಚರ್ಯವಲ್ಲ.

ಈ ಕಾವ್ಯ ಯಾರ ನಡುವೆ ಹುಟ್ಟಿತು ಎಂಬುದನ್ನೂ ಮರೆಯಬಾರದು. ಕವಿ ತ್ರಿಲೋಕ ಶತಕವನ್ನು ಮುಗಿಸಿದ್ದು 1557ರಲ್ಲಿ. ಮೂಡುಬಿದಿರೆಯ 1430ರ ಸಾವಿರ ಕಂಬದ ಬಸದಿ ಆಗಲೇ ನೂರು ವರ್ಷ ದಾಟಿತ್ತು. ಅದರ ಭೈರಾದೇವಿ ಮಂಟಪದ ಬುಡದಲ್ಲಿ ಜಿರಾಫೆ ಇದೆ, ಚೀನೀ ಡ್ರ್ಯಾಗನ್ ಇದೆ. ಕಡಲಾಚೆಯ ವ್ಯಾಪಾರ ಬಲ್ಲ ಸೆಟ್ಟಿಗಳ ಪೇಟೆಯಿದು. ಹಣ ಬಂದಾಗ ಸುಖವನ್ನು ಏನು ಮಾಡಬೇಕು ಎಂಬುದು ಇಲ್ಲಿಯವರಿಗೆ ದಿನನಿತ್ಯದ ಪ್ರಶ್ನೆಯಾಗಿತ್ತು. ಅವರಿಗೆ ಶ್ರಾವಕಧರ್ಮ, ಅಂದರೆ ಜೈನ ಗೃಹಸ್ಥರ ಧರ್ಮ, ಕೊಟ್ಟಿದ್ದ ಉತ್ತರ ಒಳಗಿಂದ ಅಂಟಿಕೊಳ್ಳಬೇಡ ಎಂಬ ಒಂದು ಮಾತಿನಲ್ಲಿ ಮುಗಿಯುತ್ತಿರಲಿಲ್ಲ. ಭೋಗೋಪಭೋಗ ಪರಿಮಾಣ ಎಂಬ ವ್ರತವಿದೆ: ಒಮ್ಮೆ ಬಳಸಿ ಮುಗಿಯುವ ಅನ್ನ, ಹೂವು, ಗಂಧಗಳಿಗೂ, ಮತ್ತೆಮತ್ತೆ ಬಳಸುವ ಬಟ್ಟೆ, ಒಡವೆಗಳಿಗೂ ಇಷ್ಟೇ ಎಂದು ಮೊದಲೇ ಗೊತ್ತುಮಾಡಿಕೊಳ್ಳುವುದು. ಅಷ್ಟಮಿ, ಚತುರ್ದಶಿಯ ಪ್ರೋಷಧೋಪವಾಸವಿದೆ. ಹೊತ್ತು ಮುಳುಗುವ ಮೊದಲು ಊಟ ಮುಗಿಸುವ ಪದ್ಧತಿ ಇಂದಿಗೂ ವ್ರತ ಹಿಡಿದ ಮನೆಗಳಲ್ಲಿದೆ. ಆಸೆಗಳನ್ನು ಅಗತ್ಯದ ಮೇರೆಗೆ ವಿಂಗಡಿಸಿದ ಎಪಿಕ್ಯೂರಸನಿಗೆ ಇವರ ಲೆಕ್ಕಾಚಾರ ಚೆನ್ನಾಗಿ ಅರ್ಥವಾಗುತ್ತಿತ್ತು. ಅವನನ್ನು ಕೂರಿಸಬೇಕಾದದ್ದು ಚಾರ್ವಾಕರ ಸಾಲಿನಲ್ಲಲ್ಲ, ಈ ಶ್ರಾವಕರ ಜಗಲಿಯಲ್ಲಿ.

ಇಬ್ಬರೂ ಒಂದೇ ಎಂದು ನಾನು ಹೇಳುತ್ತಿಲ್ಲ. ಎಪಿಕ್ಯೂರಸನ ಜಗತ್ತಿನಲ್ಲಿ ಸತ್ತ ಮೇಲೆ ಏನೂ ಇಲ್ಲ, ಆತ್ಮವೂ ಅಣುಗಳ ಗುಂಪು, ಚೆದುರಿಹೋಗುತ್ತದೆ. ಶ್ರಾವಕನ ಮಿತಿ ಮುಂದಿನ ಭವದತ್ತ, ಕೊನೆಗೆ ಮೋಕ್ಷದತ್ತ ಮುಖಮಾಡಿದೆ. ಗುರಿ ಬೇರೆಯಾದರೂ ದಾರಿಯ ಈ ಒಂದು ಹರದಾರಿಯಲ್ಲಿ ಹೆಜ್ಜೆ ಒಂದೇ ಆಗಿರುವುದನ್ನು ಗುರುತಿಸಬೇಕು. ಪ್ಲೇಟೊ ಕೂಡ ಫಿಲೀಬಸ್ ಸಂವಾದದಲ್ಲಿ ಸುಖವನ್ನೂ ಅರಿವನ್ನೂ ಬೆರೆಸಿದ ಬದುಕೇ ಒಳ್ಳೆಯದೆಂದು ಒಪ್ಪುತ್ತಾನೆ. ಆದರೆ ಕೊನೆಗೆ ಒಳಿತುಗಳನ್ನು ಸಾಲಾಗಿ ನಿಲ್ಲಿಸುವಾಗ ಮೊದಲ ಸ್ಥಾನ ಅಳತೆಗೆ, ಐದನೆಯದು ಸುಖಕ್ಕೆ, ಅದೂ ಶುದ್ಧ ಸುಖಕ್ಕೆ ಮಾತ್ರ. ಸಮನ್ವಯ ಎಂಬ ಮಾತು ಬೇಕೇಬೇಕಿದ್ದರೆ ಅದನ್ನು ಈ ಅರ್ಥದಲ್ಲಿ ಬಳಸಬಹುದು.

ಇಷ್ಟು ಪಟ್ಟು ಹಿಡಿದು ಹೇಳಲು ಕಾರಣವಿದೆ. ತಾವರೆ ಎಲೆಯ ಓದು ಉಳ್ಳವರಿಗೆ ಅನುಕೂಲವಾದ ಓದು. ಮನಸ್ಸು ಶುದ್ಧವಿದ್ದರೆ ಸಾಕು, ಎಷ್ಟು ಕೂಡಿಸಿದರೂ ಎಷ್ಟು ಮೆರೆದರೂ ನಡೆಯುತ್ತದೆ ಎಂಬ ಸಮಾಧಾನವನ್ನು ಅದು ಕೊಡುತ್ತದೆ. ಮದುವೆಯ ಆಡಂಬರಕ್ಕೂ ಮನೆಯೊಕ್ಕಲಿನ ಆಡಂಬರಕ್ಕೂ ಭರತೇಶನ ಹೆಸರು ಹೇಳಿದ್ದನ್ನು ನಾನು ಕೇಳಿದ್ದೇನೆ. ಒಂದು ದೊಡ್ಡ ಕಾವ್ಯವನ್ನು ಹಾಗೆ ರಕ್ಷಾಪತ್ರ ಮಾಡಿಕೊಳ್ಳುವುದು ಅದಕ್ಕೆ ಮಾಡುವ ಅನ್ಯಾಯ.

ಪಂಪನ ಆದಿಪುರಾಣದಲ್ಲಿ ನೈತಿಕವಾಗಿ ಗೆಲ್ಲುವವನು ಭರತನ ತಮ್ಮ ಬಾಹುಬಲಿ. ಕಾರ್ಕಳದಲ್ಲಿ 1432ರಲ್ಲಿ, ಫಲ್ಗುಣಿಯ ದಡದ ವೇಣೂರಿನಲ್ಲಿ 1604ರಲ್ಲಿ ಕಲ್ಲಾಗಿ ನಿಂತವನೂ ಅವನೇ. ಈ ಎರಡು ವಿಗ್ರಹಗಳ ನಡುವಿನ ಕಾಲದಲ್ಲಿ, ಎಲ್ಲರೂ ಬಿಟ್ಟು ನಡೆದವನನ್ನು ಪೂಜಿಸುವ ನೆಲದಲ್ಲಿ, ಉಳಿದು ಬಾಳಿದ ಅಣ್ಣನನ್ನು ನಾಯಕನನ್ನಾಗಿ ಮಾಡಲು ಧೈರ್ಯ ಬೇಕಿತ್ತು. ಆ ಧೈರ್ಯದ ಬೆಲೆ ತಿಳಿಯಬೇಕಾದರೆ ಭರತ ಹೇಗೆ ಬಾಳಿದ ಎಂಬುದನ್ನು ಸಂಧಿ ಸಂಧಿಯಾಗಿ ಓದಬೇಕು. ದೀಕ್ಷೆ ಹಿಡಿದ ಅಂತರ್ಮುಹೂರ್ತದಲ್ಲೇ ಅವನಿಗೆ ಕೇವಲಜ್ಞಾನವಾಯಿತಲ್ಲ, ಭೋಗದಲ್ಲಿದ್ದಾಗಲೇ ಅವನು ಪೂರ್ಣನಾಗಿದ್ದ ಎಂಬುದಕ್ಕೆ ಅದೇ ಸಾಕ್ಷಿ ಎಂದು ಸಮನ್ವಯದ ಪಕ್ಷದವರು ಕೊನೆಯ ಮಾತಾಗಿ ಹೇಳುತ್ತಾರೆ. ಪೂರ್ಣನಾಗಿದ್ದರೆ ದೀಕ್ಷೆ ಏಕೆ ಬೇಕಾಯಿತು? ಕಿರೀಟ ಇಳಿಸಿ, ಅರ್ಕಕೀರ್ತಿಗೆ ರಾಜ್ಯ ಒಪ್ಪಿಸಿ, ಕೇಶಲೋಚ ಮಾಡಿಕೊಂಡ ಮೇಲೆ ಆ ಗಳಿಗೆ ಬಂತು. ಅರಮನೆಯಲ್ಲಿ ಕೂತಿದ್ದಾಗ ಬರಲಿಲ್ಲ.