ನ್ಯೂಯಾರ್ಕಿನ ಸೋಲು, ಬಾನ್‌ನ ತೀರ್ಪು

ಚೆಸ್‌ನಲ್ಲಿ ಕಂಪ್ಯೂಟರ್ ಮನುಷ್ಯನನ್ನು ಮೀರಿಸಿದ್ದು ಯಾವಾಗ ಎಂದು ಕೇಳಿದರೆ ಹೆಚ್ಚಿನವರು 1997ರ ನ್ಯೂಯಾರ್ಕ್ ಪಂದ್ಯವನ್ನು ನೆನೆಯುತ್ತಾರೆ. ಐಬಿಎಂನ ಡೀಪ್ ಬ್ಲೂ ಅಲ್ಲಿ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರನ್ನು 3½–2½ರಿಂದ ಸೋಲಿಸಿತು. ಆದರೆ ಆ ಆಟಗಳನ್ನು ಈಗ ಹಲಗೆಯ ಮೇಲಿಟ್ಟು ನೋಡಿದರೆ, ಪಂದ್ಯಕ್ಕೆ ಸಿಕ್ಕ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು.

ಎರಡನೆಯ ಆಟದಲ್ಲಿ ಕಾಸ್ಪರೋವ್ ಸೋಲೊಪ್ಪಿಕೊಂಡಾಗ ನಿರಂತರ ಚೆಕ್ ಕೊಟ್ಟು ಡ್ರಾ ಮಾಡಿಕೊಳ್ಳುವ ದಾರಿ ಇನ್ನೂ ತೆರೆದಿತ್ತು ಎಂಬುದು ಆಮೇಲಿನ ವಿಶ್ಲೇಷಣೆಯಲ್ಲಿ ಹೊರಬಿತ್ತು. ಆರನೆಯದರಲ್ಲಿ ಕಾರೋ-ಕಾನ್ ಆರಂಭದ ಅಪಾಯದ ಕವಲಿಗೆ ತಾವಾಗಿಯೇ ಹೊಕ್ಕು, ಎದುರಾಳಿ ಕುದುರೆ ಬಲಿ ಕೊಟ್ಟ ಮೇಲೆ ಚೇತರಿಸಿಕೊಳ್ಳದೆ, 19 ನಡೆಗಳಲ್ಲಿ ಆಟ ಬಿಟ್ಟರು. ಡೀಪ್ ಬ್ಲೂನ ಹಿಂದಿನ ಆಟಗಳನ್ನು ಓದುವ ಅವಕಾಶ ಅವರಿಗಿರಲಿಲ್ಲ. ಮರುಪಂದ್ಯಕ್ಕೆ ಐಬಿಎಂ ಒಪ್ಪಲಿಲ್ಲ. ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ಜಾಲಾಡುವ ಯಂತ್ರ ಗೆದ್ದದ್ದು ನಿಜ, ಆದರೆ ಅದಕ್ಕೆ ನೆರವಾದದ್ದು ಆ ಅಪರಿಚಿತ ಯಂತ್ರದ ಬಗ್ಗೆ ಎದುರಾಳಿಗಿದ್ದ ಶಂಕೆ. 2002ರಲ್ಲಿ ಬಹರೇನ್‌ನಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ಡೀಪ್ ಫ್ರಿಟ್ಜ್ ಎಂಬ ಪ್ರೋಗ್ರಾಂ ವಿರುದ್ಧ 4–4, ಮರುವರ್ಷ ಕಾಸ್ಪರೋವ್ ಡೀಪ್ ಜೂನಿಯರ್ ವಿರುದ್ಧ 3–3 ಸಮ ಮಾಡಿಕೊಂಡರು. ಅಂದರೆ ವ್ಯಾಜ್ಯ ಇನ್ನೂ ತೀರಿರಲಿಲ್ಲ.

ತೀರಿದ್ದು 2006ರಲ್ಲಿ, ಜರ್ಮನಿಯ ಬಾನ್‌ನಲ್ಲಿ. ಈ ಸಲ ಗುಟ್ಟಿನ ನೆಪವಿರಲಿಲ್ಲ. ಪ್ರೋಗ್ರಾಂನ ಪ್ರತಿಯನ್ನು ಕ್ರಾಮ್ನಿಕ್‌ಗೆ ಮೊದಲೇ ಕೊಟ್ಟಿದ್ದರು. ಆದರೂ ಅವರು ಡೀಪ್ ಫ್ರಿಟ್ಜ್‌ಗೆ 2–4ರಿಂದ ಸೋತರು. ಎರಡನೆಯ ಆಟದಲ್ಲಂತೂ, ಹೊಸಬರೂ ಗುರುತಿಸುವಂಥ ಒಂದೇ ನಡೆಯ ಚೆಕ್‌ಮೇಟ್ ಬೆದರಿಕೆ ವಿಶ್ವ ಚಾಂಪಿಯನ್ ಕಣ್ಣಿಗೆ ಬೀಳಲಿಲ್ಲ. ಉಳಿದ ಐದರಲ್ಲಿ ನಾಲ್ಕು ಡ್ರಾ. ಯಂತ್ರ ಪ್ರತಿ ಬಾರಿಯೂ ಹೆಚ್ಚು ಜಾಣತನದಿಂದ ಆಡಬೇಕಿಲ್ಲ, ಎಡವದೆ ಕಾದರೆ ಸಾಕು ಎಂಬುದನ್ನು ಈ ಪಂದ್ಯ ನ್ಯೂಯಾರ್ಕ್‌ಗಿಂತ ಸ್ಪಷ್ಟವಾಗಿ ತೋರಿಸಿತು.

‘ಯಂತ್ರಕ್ಕೆ ಲೆಕ್ಕ ಗೊತ್ತು, ಆಟದ ಸೊಗಸು ಗೊತ್ತಿಲ್ಲ’ ಎಂಬ ಸಮಾಧಾನವೂ 2017ರಲ್ಲಿ ಹೋಯಿತು. ತನ್ನೊಂದಿಗೇ ಆಡಿ ಕಲಿತ ಆಲ್ಫಾಝೀರೋ ಪ್ರೋಗ್ರಾಂ 100 ಆಟಗಳಲ್ಲಿ ಇನ್ನೊಂದು ಚೆಸ್ ಪ್ರೋಗ್ರಾಂ ಸ್ಟಾಕ್‌ಫಿಶ್ ವಿರುದ್ಧ ಒಂದನ್ನೂ ಸೋಲದೆ 28 ಗೆದ್ದಿತು. ಸ್ಟಾಕ್‌ಫಿಶ್‌ಗೆ ವಿಧಿಸಿದ ಷರತ್ತುಗಳ ಬಗ್ಗೆ ಆಕ್ಷೇಪ ಬಂತು, ಅದರಲ್ಲಿ ಹುರುಳೂ ಇತ್ತು. ಆದರೆ ತಕ್ಷಣದ ಲಾಭ ನೋಡದೆ ಕಾಲಾಳುಗಳನ್ನು ಬಿಟ್ಟುಕೊಟ್ಟು ಎದುರಾಳಿಯ ಉಸಿರು ಕಟ್ಟಿಸುವ ಆಲ್ಫಾಝೀರೋನ ಶೈಲಿಯನ್ನು ಗ್ರ್ಯಾಂಡ್‌ಮಾಸ್ಟರ್‌ಗಳೇ ಮೆಚ್ಚಿ ಕಲಿತರು.

ಹಾಗಾದರೆ ಪ್ರಾಬಲ್ಯ ಸಂಪೂರ್ಣವೇ? ಅಂಕಪಟ್ಟಿಯಲ್ಲಿ ಹೌದು. ಇಬ್ಬರೂ ತಪ್ಪದೆ ಆಡಿದರೆ ಚೆಸ್ ಡ್ರಾ ಆಗುವಂತೆ ಕಾಣುವುದರಿಂದ, ಅಪರೂಪಕ್ಕೊಮ್ಮೆ ಅರ್ಧ ಅಂಕ ಮನುಷ್ಯನಿಗೆ ದಕ್ಕಬಹುದು, ಅಷ್ಟೆ. ಆದರೆ ಬಾನ್‌ನಲ್ಲಿ ಮನುಷ್ಯನನ್ನು ಸೋಲಿಸಿದ ದೌರ್ಬಲ್ಯವೇ ಮನುಷ್ಯರ ಪಂದ್ಯಕ್ಕೆ ಜೀವ ತುಂಬುತ್ತದೆ. 2024ರಲ್ಲಿ ಸಿಂಗಪುರದ ವಿಶ್ವ ಚಾಂಪಿಯನ್‌ಶಿಪ್ ಪಂದ್ಯದ ಕೊನೆಯ ಆಟದಲ್ಲಿ ಡಿಂಗ್ ಲಿರೆನ್ 55ನೇ ನಡೆಯಲ್ಲಿ ಎಡವಿದ್ದರಿಂದಲೇ ಗುಕೇಶ್ ವಿಶ್ವ ಚಾಂಪಿಯನ್ ಆದರು. ತಪ್ಪೇ ಮಾಡದ ಎರಡು ಯಂತ್ರಗಳ ನಡುವೆ ಅಂಥ ತಿರುವಿಗೆ ಜಾಗವಿಲ್ಲ.