ಪಾಯಿಂಟ್ ತೆರೆಯುವ ಗಳಿಗೆ: ಹಳೆಯ ಯೆಜ್ಡಿಯ ರಸಿಕರಿಗೊಂದು ಕೈಪಿಡಿ

ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ದಾರಿಯಲ್ಲಿ ಹಳೆಯ ಜಾವಾ, ಯೆಜ್ಡಿಗಳ ಸಾಲು ಕಾಣುತ್ತದೆ. ಟ್ಯಾಂಕುಗಳೆಲ್ಲ ಫಳಫಳ, ಸೀಟಿಗೆ ಹೊಸ ಹೊದಿಕೆ, ಸವಾರರ ಮೈಮೇಲೆ ಹೊಸ ಜಾಕೆಟ್ಟು. ಇಳಿಯುತ್ತಾರೆ, ಗಾಡಿಗೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಾರೆ, ಸೈಲೆನ್ಸರಿನ ಹೊಟ್ಟೆ ಬಗೆದು ತೆಗೆದಿರುವ ಗಾಡಿಯನ್ನು ರೊಯ್ಯನೆ ಹಿಂಡಿ ಊರವರ ನಿದ್ದೆ ಕೆಡಿಸುತ್ತಾರೆ. ಕಿಕ್ಕರ್ ಹೊಡೆದರೂ ಗಾಡಿ ಹತ್ತಿಕೊಳ್ಳದಿದ್ದರೆ ಮಾತ್ರ ಅವರ ಕೈ ಟೂಲ್ ಬಾಕ್ಸಿನ ಕಡೆ ಹೋಗುವುದಿಲ್ಲ, ಫೋನಿನ ಕಡೆ ಹೋಗುತ್ತದೆ. ಎಂಜಿನಿನ ಬಲಗಡೆಯ ಮುಚ್ಚಳದ ಹಿಂದೆ ಏನಿದೆ ಎಂದು ಕೇಳಿದರೆ ಉತ್ತರವಿಲ್ಲ. ಇವರು ಯೆಜ್ಡಿಯ ಒಡೆಯರು ಇರಬಹುದು, ರಸಿಕರಲ್ಲ.

ಈ ಬರಹ ಅವರಲ್ಲಿ ಒಬ್ಬರನ್ನಾದರೂ ನಮ್ಮ ಕಡೆ ಎಳೆದುಕೊಳ್ಳುವ ಪ್ರಯತ್ನ. ಕ್ಲಚ್ಚು ಯಾವುದು, ಚೋಕ್ ಯಾವುದು ಎಂದು ಹೇಳಿಕೊಡುತ್ತಾ ಕೂರುವುದಿಲ್ಲ.

ಹಳೆಯ ಸ್ಪೋರ್ಟ್ಸ್ ಕಾರನ್ನು ಮನೆಯ ಶೆಡ್ಡಿನಲ್ಲಿಟ್ಟುಕೊಂಡು ತಾವೇ ಬಿಚ್ಚಿ ಕಟ್ಟುವ ಹವ್ಯಾಸ ಹೊರದೇಶಗಳಲ್ಲಿ ಬಹಳ ಹಳೆಯದು. ನಮ್ಮ ಶಿಡ್ಲಘಟ್ಟ, ಚಿಂತಾಮಣಿ ಸೀಮೆಗೆ ಅಂಥ ಕಾರುಗಳು ಎಲ್ಲಿ ಬರಬೇಕು? ನಮ್ಮ ಪಾಲಿನ ಓಟದ ಯಂತ್ರ ಮೈಸೂರಿನಿಂದ ಬಂತು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿಯವರು 1960ರಲ್ಲಿ ಕಟ್ಟಿದ ಐಡಿಯಲ್ ಜಾವಾ ಕಂಪನಿಯ ಕಾರ್ಖಾನೆಯನ್ನು ಮರುವರ್ಷ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. ಜೆಕೊಸ್ಲೊವಾಕಿಯಾದ ಜಾವಾ ಮೊದಲು ಅದೇ ಹೆಸರಿನಲ್ಲಿ ಬಂತು, ಎಪ್ಪತ್ತರ ದಶಕದಲ್ಲಿ ಯೆಜ್ಡಿಯಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ಕ್ಕೆ ತಯಾರಿಕೆ ನಿಂತಿತು. ಇಷ್ಟು ಚರಿತ್ರೆ ಸಾಕು. ಚರಿತ್ರೆಯನ್ನೇ ಬಾಯಿಪಾಠ ಮಾಡಿಕೊಂಡು ಫೀಲರ್ ಗೇಜನ್ನು ಜನ್ಮದಲ್ಲಿ ಮುಟ್ಟದವರು ಬೇಕಾದಷ್ಟು ಜನ ಇದ್ದಾರೆ.

ನನ್ನ ಕಿವಿ ತೆರೆದದ್ದು ಜಂಗಮಕೋಟೆ ಕ್ರಾಸಿನ ಒಂದು ತಗಡಿನ ಶೆಡ್ಡಿನಲ್ಲಿ. ನಮ್ಮಪ್ಪ ರೇಷ್ಮೆಗೂಡಿನ ಮೂಟೆಯನ್ನು ಹಿಂದಿನ ಸೀಟಿಗೆ ಬಿಗಿದು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತಿದ್ದ ಗಾಡಿ ಏರಿನಲ್ಲಿ ಸುಸ್ತಾಗುತ್ತಿತ್ತು. ಬೋರು ಹೋಗಿದೆ ಎಂದರು ಒಬ್ಬರು, ಕಾರ್ಬೊರೇಟರ್ ಬದಲಿಸಿ ಎಂದರು ಇನ್ನೊಬ್ಬರು. ಶೆಡ್ಡಿನ ಮೇಸ್ತ್ರಿ ಮಾತ್ರ ಗಾಡಿ ಸ್ಟಾರ್ಟ್ ಮಾಡಿಸಿ, ಸುಮ್ಮನೆ ನಿಂತು ಕೇಳಿದರು. "ಹೊಗೆ ಆಮೇಲೆ ನೋಡೋವಂತೆ ಕಣಪ್ಪಾ, ಮೊದಲು ಸದ್ದು ಕೇಳು. ಕಿಡಿ ತಡವಾಗಿ ಬೀಳ್ತಾ ಐತೆ" ಎಂದರು. ಬಲಗಡೆಯ ಮುಚ್ಚಳ ಬಿಚ್ಚಿದರು, ಒಂದು ಸ್ಕ್ರೂ ಸಡಿಲಿಸಿದರು, ತಟ್ಟೆಯನ್ನು ಕೂದಲೆಳೆಯಷ್ಟು ಸರಿಸಿ ಬಿಗಿದರು. ಒಂದು ಬಿಡಿಭಾಗವನ್ನೂ ಬದಲಿಸಲಿಲ್ಲ. ಮತ್ತೆ ಕಿಕ್ಕರ್ ಹೊಡೆದಾಗ ಬಂದ ಸದ್ದೇ ಬೇರೆ. ಅದೇ ಮೂಟೆ ಹೊತ್ತು ಅದೇ ಏರನ್ನು ಆ ಗಾಡಿ ಗೇರು ಇಳಿಸದೆ ಹತ್ತಿತು. ಯಂತ್ರಕ್ಕೂ ಒಂದು ಶ್ರುತಿ ಇದೆ, ಅದನ್ನು ಕೂಡಿಸುವವನು ಮನುಷ್ಯ ಎಂದು ನನಗೆ ತಿಳಿದದ್ದು ಅಂದು.

ಆದ್ದರಿಂದ ನನ್ನ ಪಾಠ ಆ ಬಲಗಡೆಯ ಮುಚ್ಚಳದ ಹಿಂದಿರುವ ಪಾಯಿಂಟಿನಿಂದಲೇ ಶುರು.

ಯೆಜ್ಡಿಯದು ಒಂದೇ ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್. ಬೋರು 65 ಮಿಲಿಮೀಟರ್, ಪಿಸ್ಟನ್ ಏರಿಳಿಯುವ ದೂರ 75 ಮಿಲಿಮೀಟರ್. ಟೂ-ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೂ ಒಂದು ಕಿಡಿ ಬೇಕು. ಎಂಜಿನ್ ನಿಮಿಷಕ್ಕೆ 4,800 ಸುತ್ತು ತಿರುಗುವಾಗ ಸೆಕೆಂಡಿಗೆ 80 ಸಲ ಆ ಪುಟ್ಟ ಪಾಯಿಂಟ್ ತೆರೆದು ಮುಚ್ಚಬೇಕು. ಮುಚ್ಚಿದಾಗ ಕಾಯಿಲ್‌ನೊಳಗೆ ಕರೆಂಟು ಹರಿಯುತ್ತದೆ. ತೆರೆದ ಗಳಿಗೆಯಲ್ಲಿ ಅದು ಕಡಿದುಹೋಗಿ, ಕಾಯಿಲ್‌ನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ. ಪಿಸ್ಟನ್ ಟಾಪ್ ಮುಟ್ಟುವುದಕ್ಕೆ ಕೆಲವೇ ಮಿಲಿಮೀಟರ್ ಮೊದಲು ಇದು ನಡೆಯಬೇಕು, ಏಕೆಂದರೆ ಪೆಟ್ರೋಲಿನ ಆವಿ ಪೂರ್ತಿ ಹೊತ್ತಿಕೊಳ್ಳಲು ಅಷ್ಟು ಹೊತ್ತು ಹಿಡಿಯುತ್ತದೆ. ಯೆಜ್ಡಿಯ ಸದ್ದು, ಎಳೆತ, ಬಿಸಿ, ಪೆಟ್ರೋಲಿನ ಖರ್ಚು ಎಲ್ಲಕ್ಕೂ ಬೇರು ಈ ಗಳಿಗೆ.

ಕೈ ಹಾಕುವ ಕ್ರಮ ಹೀಗೆ. ಮೊದಲು ಪಾಯಿಂಟಿನ ಗ್ಯಾಪು, ಆಮೇಲೆ ಕಿಡಿಯ ಟೈಮಿಂಗ್. ಈ ಕ್ರಮ ತಪ್ಪಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಪ್ಲಗ್ಗನ್ನು ಬಿಚ್ಚಿ ತೆಗೆಯಿರಿ, ಎಂಜಿನ್ ಕೈಯಲ್ಲೇ ಹಗುರವಾಗಿ ತಿರುಗುತ್ತದೆ. ಪಾಯಿಂಟ್ ಅತಿ ಹೆಚ್ಚು ತೆರೆದಿರುವ ಜಾಗಕ್ಕೆ ತಿರುಗಿಸಿ, 0.4 ಮಿಲಿಮೀಟರ್ ಫೀಲರ್ ಗೇಜನ್ನು ನಡುವೆ ತೂರಿಸಿ. ಗೇಜು ಹೋಗಬೇಕು, ಆದರೆ ಎಳೆದಾಗ ಎರಡೂ ಕಡೆ ಸವರಿದ ಸ್ಪರ್ಶ ಬೆರಳಿಗೆ ತಿಳಿಯಬೇಕು. ಆ ಸ್ಪರ್ಶವನ್ನು ಯಾವ ವಿಡಿಯೊ ನೋಡಿದರೂ ಕಲಿಯಲಾಗುವುದಿಲ್ಲ.

ಗ್ಯಾಪು ಮೊದಲು ಏಕೆ? ಗ್ಯಾಪು ಹಿಗ್ಗಿದರೆ ಪಾಯಿಂಟ್ ಬೇಗ ತೆರೆಯುತ್ತದೆ, ಟೈಮಿಂಗ್ ಮುಂದಕ್ಕೆ ಹೋಗುತ್ತದೆ. ಗ್ಯಾಪು ಕುಗ್ಗಿದರೆ ತಡವಾಗಿ ತೆರೆಯುತ್ತದೆ, ಟೈಮಿಂಗ್ ಹಿಂದಕ್ಕೆ ಬೀಳುತ್ತದೆ. ಪಾಯಿಂಟನ್ನು ತೆರೆಯುವ ಕ್ಯಾಮಿನ ಮೇಲೆ ಉಜ್ಜುವ ಅದರ ಹಿಮ್ಮಡಿ ದಿನದಿನಕ್ಕೂ ಸವೆಯುತ್ತದೆ, ಸವೆದಂತೆ ಗ್ಯಾಪು ಕುಗ್ಗುತ್ತದೆ. ಅಂದರೆ ಯಾರೂ ಮುಟ್ಟದೆ ಇದ್ದರೂ ಗಾಡಿಯ ಟೈಮಿಂಗ್ ತಾನಾಗಿ ಹಿಂದೆ ಸರಿಯುತ್ತಿರುತ್ತದೆ. ಎಷ್ಟು ನಿಧಾನವಾಗಿ ಎಂದರೆ ದಿನಾ ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. "ಗಾಡಿಗೆ ವಯಸ್ಸಾಯಿತು, ಪಿಕಪ್ ಹೋಯಿತು" ಎಂದು ಗೊಣಗುತ್ತಾ ಬೋರು ಮಾಡಿಸಲು ಹಣ ಸುರಿಯುತ್ತಾನೆ. ಕ್ಯಾಮಿಗೆ ತಾಗುವ ಉಣ್ಣೆಯ ತುಂಡಿಗೆ ಒಂದೆರಡು ಹನಿ ಎಣ್ಣೆ ಕುಡಿಸಿದರೆ ಸವೆತ ತಗ್ಗುತ್ತದೆ. ಹೆಚ್ಚು ಸುರಿದರೆ ಎಣ್ಣೆ ಪಾಯಿಂಟಿಗೆ ಸಿಡಿದು ಅದನ್ನೇ ಸುಡುತ್ತದೆ.

ಈಗ ಟೈಮಿಂಗ್. ಪ್ಲಗ್ಗಿನ ತೂತಿಗೆ ಕೂರುವ ಡಯಲ್ ಗೇಜು ಇದ್ದರೆ ಒಳ್ಳೆಯದು. ಪಿಸ್ಟನ್ನಿನ ಟಾಪ್ ಹುಡುಕಿ, ಅಲ್ಲಿಂದ ನಿಮ್ಮ ಮಾಡೆಲ್ಲಿಗೆ ಕಂಪನಿಯ ಪುಸ್ತಕದಲ್ಲಿ ಕೊಟ್ಟಿರುವಷ್ಟು ಹಿಂದಕ್ಕೆ ತಿರುಗಿಸಿ ನಿಲ್ಲಿಸಿ. ಪಾಯಿಂಟ್ ಸರಿಯಾಗಿ ಅಲ್ಲಿ ತೆರೆಯಲು ಶುರುಮಾಡಬೇಕು. ತೆರೆಯಿತೆಂದು ತಿಳಿಯುವುದು ಹೇಗೆ? ಪಾಯಿಂಟಿಗೂ ಬಾಡಿಗೂ ನಡುವೆ ಒಂದು 6 ವೋಲ್ಟ್ ಬಲ್ಬು ಕಟ್ಟಿ ಕೀಲಿ ತಿರುಗಿಸಿದರೆ, ಮುಚ್ಚಿದ್ದಾಗ ಆರಿರುವ ಬಲ್ಬು ತೆರೆದ ಕೂಡಲೇ ಹೊತ್ತಿಕೊಳ್ಳುತ್ತದೆ. ಆದರೆ ಪಾಯಿಂಟ್ ಮುಚ್ಚಿರುವಾಗ ಕೀಲಿಯನ್ನು ಬಹಳ ಹೊತ್ತು ಹಾಗೇ ಬಿಟ್ಟರೆ ಕಾಯಿಲ್ ಕಾಯ್ದು ಹಾಳಾಗುತ್ತದೆ.

ನನಗೆ ಇಷ್ಟವಾದದ್ದು ಹಳೆಯ ಮೇಸ್ತ್ರಿಗಳ ದಾರಿ. ಸಿಗರೇಟು ಸುತ್ತುವ ತೆಳು ಕಾಗದದ ಚೂರನ್ನು ಮುಚ್ಚಿದ ಪಾಯಿಂಟಿನ ನಡುವೆ ಸಿಕ್ಕಿಸಿ ಎರಡು ಬೆರಳಲ್ಲಿ ಮೆಲ್ಲಗೆ ಎಳೆದು ಹಿಡಿಯಿರಿ. ಇನ್ನೊಂದು ಕೈಯಲ್ಲಿ ಎಂಜಿನನ್ನು ತಿರುಗಿಸುತ್ತಾ ಬನ್ನಿ. ಕಾಗದ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಇದ್ದಕ್ಕಿದ್ದಂತೆ ಸರ್ರನೆ ಜಾರುತ್ತದೆ. ಓಡುವ ಎಂಜಿನಿನೊಳಗೆ ಕಣ್ಣಿಗೆ ಕಾಣದಂತೆ ಸೆಕೆಂಡಿಗೆ 80 ಸಲ ಆಗಿಹೋಗುವುದನ್ನು ನೀವು ಒಂದೇ ಒಂದು ಸಲ, ನಿಧಾನವಾಗಿ, ನಿಮ್ಮ ಬೆರಳಲ್ಲಿ ಹಿಡಿದಿರುತ್ತೀರಿ. ಇದಕ್ಕಿಂತ ದೊಡ್ಡ ಸುಖವನ್ನು ಈ ಗಾಡಿ ಕೊಡಲಾರದು.

ಪಾಯಿಂಟ್ ಕಪ್ಪಾಗಿದ್ದರೆ ಉಪ್ಪುಕಾಗದ ಹಾಕಿ ತಿಕ್ಕಬೇಡಿ, ಅದರ ಮರಳು ಮುಖದಲ್ಲೇ ಕೂತುಬಿಡುತ್ತದೆ. ನಯವಾದ ಅರದಿಂದ ಒಂದೆರಡು ಸಲ ಸವರಿ, ಪೆಟ್ರೋಲಿನಲ್ಲಿ ಒರೆಸಿ, ಶುದ್ಧ ಕಾಗದವನ್ನು ನಡುವೆ ಎಳೆದು ತೆಗೆಯಿರಿ. ಪದೇಪದೇ ಸುಡುತ್ತಿದ್ದರೆ ತಪ್ಪು ಪಾಯಿಂಟಿನದಲ್ಲ, ಕಂಡೆನ್ಸರಿನದು. ಪಾಯಿಂಟ್ ತೆರೆಯುವಾಗ ನಡುವೆ ಹಾರಬಹುದಾದ ಕರೆಂಟನ್ನು ತಾನು ನುಂಗಿಕೊಳ್ಳುವುದು ಅದರ ಕೆಲಸ. ಕೆಟ್ಟ ಕಂಡೆನ್ಸರು ತಣ್ಣಗಿರುವಾಗ ಸುಮ್ಮನಿದ್ದು, ಎಂಜಿನ್ ಕಾದ ಮೇಲೆ ಮಿಸ್ಸಿಂಗ್ ತೋರಿಸುತ್ತದೆ.

ಇನ್ನು ಕೇಳುವುದು. ನಮ್ಮ ಕಡೆಯ ರೀಲರು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳು ಹೇಗಿದೆ ಎಂದು ಹೇಳುವಂತೆ, ಪಳಗಿದ ಕಿವಿ ಮುಚ್ಚಳ ಬಿಚ್ಚದೆಯೇ ಪಾಯಿಂಟ್ ಎಲ್ಲಿದೆ ಎಂದು ಹೇಳುತ್ತದೆ. ಟೈಮಿಂಗ್ ಹಿಂದೆ ಬಿದ್ದ ಗಾಡಿಯ ಸದ್ದು ಮಂಕು, ಸೈಲೆನ್ಸರಿನ ಬುಡ ಅತಿಯಾಗಿ ಕಾಯುತ್ತದೆ, ಏರಿನಲ್ಲಿ ಉಸಿರು ಕಟ್ಟುತ್ತದೆ. ಟೈಮಿಂಗ್ ಮುಂದೆ ಹೋದ ಗಾಡಿಯ ಸದ್ದು ಗಡುಸು, ಭಾರ ಎಳೆಯುವಾಗ ಒಳಗೆ ಕಲ್ಲು ಕುಟ್ಟಿದ ಹಾಗೆ ಕೇಳುತ್ತದೆ, ಕಿಕ್ಕರ್ ತಿರುಗಿ ಮೊಣಕಾಲಿನ ಕೆಳಗೆ ಬಡಿಯುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ನೇ ತೂತಾಗುತ್ತದೆ.

ಹೊಸಬರು ಅತಿ ಹೆಚ್ಚು ಎಡವುವುದು ಐಡ್ಲಿಂಗಿನಲ್ಲಿ. ನಿಂತ ಗಾಡಿ ಒಂದೇ ತಾಳದಲ್ಲಿ ಡಗ್ ಡಗ್ ಎನ್ನುವುದಿಲ್ಲ, ನಡುನಡುವೆ ಒಂದು ಬಿಟ್ಟು ಹೊಡೆಯುತ್ತದೆ. ಅದು ರೋಗವಲ್ಲ. ಥ್ರಾಟಲ್ ಮುಚ್ಚಿರುವಾಗ ಹಳೆಯ ಹೊಗೆ ಪೂರ್ತಿ ಹೊರಹೋಗದೆ ಉಳಿಯುವುದರಿಂದ ಕೆಲವು ಸುತ್ತಿನಲ್ಲಿ ಆವಿ ಹೊತ್ತುವುದಿಲ್ಲ, ಮುಂದಿನ ಸುತ್ತಿನಲ್ಲಿ ಜೋರಾಗಿ ಹೊತ್ತುತ್ತದೆ. ಒಳ್ಳೆಯ ಟೂ-ಸ್ಟ್ರೋಕಿನ ಗುಣವೇ ಅದು. ಥ್ರಾಟಲ್ ತೆರೆದಂತೆ ಆ ಬಿಡಿಬಿಡಿ ಪೆಟ್ಟುಗಳು ಒಂದಾಗಿ ಬೆಸೆದುಕೊಳ್ಳುವ ಜಾಗವನ್ನು ಕಿವಿಗೊಟ್ಟು ಹುಡುಕಿ. ಟೈಮಿಂಗ್ ಸರಿಯಿದ್ದ ಗಾಡಿಯಲ್ಲಿ ಬೆಸುಗೆ ಎಲ್ಲೂ ತೊದಲದೆ ಆಗುತ್ತದೆ. ಇದನ್ನು ಕೇಳದ ಮಂದಿ "ಸದ್ದು ಸಮ ಮಾಡಿಕೊಡಿ" ಎಂದು ಮೇಸ್ತ್ರಿಯ ಹತ್ತಿರ ಹಟ ಹಿಡಿದು ಐಡ್ಲಿಂಗ್ ಏರಿಸಿಕೊಂಡು, ಇಡೀ ಎಂಜಿನಿನ ಮಾತನ್ನೇ ಅಡಗಿಸುತ್ತಾರೆ.

ಸೈಲೆನ್ಸರ್ ಕೊಯ್ಯುವವರ ಬಗ್ಗೆ ನನಗೆ ಸಹನೆ ಇಲ್ಲ. ಟೂ-ಸ್ಟ್ರೋಕಿನಲ್ಲಿ ಸೈಲೆನ್ಸರು ಎಂಜಿನಿನ ಒಂದು ಅಂಗ. ಹೊರಹೋಗುವ ಹೊಗೆಯ ಒತ್ತಡ ಅಲ್ಲಿಂದ ತಿರುಗಿ ಬಂದು ಹೊಸ ಆವಿ ಸೋರದಂತೆ ತಡೆಯುತ್ತದೆ. ಒಳಗಿನ ಜಾಲರಿ ಕಿತ್ತೆಸೆದವರಿಗೆ ಸಿಗುವುದು ಗದ್ದಲ, ಕಳೆಯುವುದು ಎಳೆತ. 2018ರಲ್ಲಿ ಬಂದ ಹೊಸ ಜಾವಾವನ್ನು ಈ ಹಳೆಯ ಗಾಡಿಯ ಮುಂದುವರಿಕೆ ಎಂದು ಕೊಂಡಾಡುವವರೂ ಇದ್ದಾರೆ. ಅದು ನೀರಿನಿಂದ ತಣಿಯುವ ಫೋರ್-ಸ್ಟ್ರೋಕ್, ಅದರ ದಾರಿ ಬೇರೆ, ಕಲಿಸುವ ಪಾಠ ಬೇರೆ. ಹಳೆಯ ಗಾಡಿಯ ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಕಿಟ್ ಕೂರಿಸುವವರಿಗೆ ಓಡಾಟ ಸುಲಭವಾಗುತ್ತದೆ ಎಂದು ಒಪ್ಪುತ್ತೇನೆ. ಆದರೆ ಬೆರಳಿಗೆ ಕಾಗದ ಜಾರಿದ ಆ ಗಳಿಗೆಯನ್ನು ಅವರು ತಾವೇ ಬಿಟ್ಟುಕೊಟ್ಟಂತೆ.

ಉಳಿದವನ್ನು ಬೇಗ ಮುಗಿಸುತ್ತೇನೆ. ಪೆಟ್ರೋಲಿಗೆ ಟೂ-ಟಿ ಎಣ್ಣೆ 1:25ರ ಲೆಕ್ಕದಲ್ಲಿ, ಅಂದರೆ ಲೀಟರಿಗೆ 40 ಮಿಲಿಲೀಟರ್, ಅಳೆದು ಹಾಕಿ. ಎರಡೂ ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದು ನೋಡಿ, ಒಂದೇ ಸಿಲಿಂಡರಿನ ಎರಡು ಬಾಯಿಂದ ಬರುವ ಉಸಿರು ಸಮನಾಗಿರಬೇಕು. ಒಂದು ಕಡೆ ಸೊರಗಿದ್ದರೆ ಅಲ್ಲಿ ಮಸಿ ಕಟ್ಟಿದೆ. ಗೇರ್ ಆಯಿಲ್ ತಾನಾಗಿ ಕಡಿಮೆಯಾಗಿ ಹೊಗೆ ಬಿಳಿಯಾಗಿ ದಟ್ಟವಾದರೆ ಕ್ಲಚ್ಚಿನ ಕಡೆಯ ಕ್ರ್ಯಾಂಕ್ ಸೀಲ್ ಹೋಗಿದೆ, ಐಡ್ಲಿಂಗ್ ತಾನಾಗಿ ಏರತೊಡಗಿದರೆ ಡೈನಮೊ ಕಡೆಯದು. ಬೇಸಿಗೆಯಲ್ಲಿ ನಮ್ಮ ಕೆಂಪು ಧೂಳು ಏರ್ ಫಿಲ್ಟರನ್ನು ಬೇಗ ಕಟ್ಟಿಹಾಕುತ್ತದೆ. ಈಗಿನ ಪೆಟ್ರೋಲಿನ ಎಥನಾಲ್ ನೀರು ಹೀರಿಕೊಂಡು ಟ್ಯಾಂಕಿಗೆ ತುಕ್ಕು ತರಿಸುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ. ಆದ್ದರಿಂದ ಗಾಡಿ ಬಹಳ ದಿನ ನಿಲ್ಲುವುದಾದರೆ ಕಾರ್ಬೊರೇಟರ್ ಖಾಲಿ ಮಾಡಿ. ಬಣ್ಣ, ಕ್ರೋಮು ಎಲ್ಲ ಕೊನೆಗೆ.

ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಬೆಂಗಳೂರಿನಲ್ಲಿ ಗಾಡಿಗಳು ಸೇರುತ್ತವೆ. ಹೋಗಿ, ಆದರೆ ಹೊಳಪಿನ ಸಾಲಿನ ಮುಂದೆ ನಿಲ್ಲಬೇಡಿ. ಅಂಥ ಒಂದು ದಿನ ಗುಂಪಿನ ಅಂಚಿನಲ್ಲಿ ಕೋಲಾರದ ಕೆಎ 07 ನಂಬರಿನ, ಬಣ್ಣ ಮಾಸಿದ ಒಂದು ರೋಡ್‌ಕಿಂಗ್ ನಿಂತಿತ್ತು. ಅದರ ಒಡೆಯರು ವಯಸ್ಸಾದವರು. ಕಿಕ್ಕರನ್ನು ಅರ್ಧ ತುಳಿದರು, ಅಷ್ಟೇ. ಎಂಜಿನ್ ಹತ್ತಿಕೊಂಡು ಆ ಬಿಡಿಬಿಡಿ ತಾಳ ಹಿಡಿಯಿತು. "ಪಾಯಿಂಟ್ ಯಾರು ಇಟ್ಟಿದ್ದು ಯಜಮಾನ್ರೇ?" ಎಂದೆ. ತಮ್ಮ ಕೈಯನ್ನೇ ಎತ್ತಿ ತೋರಿಸಿದರು, ಉಗುರಿನ ಸಂದಿಯಲ್ಲಿ ಮಸಿ. ಬಹುಮಾನ ಮಾತ್ರ ಬೇರೆ ಗಾಡಿಗೆ, ಬಣ್ಣ ನೋಡಿ ಕೊಟ್ಟರು.

ಮೈಸೂರಿನ ಕಾರ್ಖಾನೆ ಮುಚ್ಚಿದ ಮೇಲೆ ಈ ಗಾಡಿಗಳಿಗೆ ಕಂಪನಿಯ ಸರ್ವಿಸ್ ಇಲ್ಲ, ಬಲ್ಲ ಮೇಸ್ತ್ರಿಗಳು ಒಬ್ಬೊಬ್ಬರಾಗಿ ಶೆಡ್ಡು ಮುಚ್ಚುತ್ತಿದ್ದಾರೆ. ಇನ್ನು ಮುಂದೆ ಯೆಜ್ಡಿಯ ಶ್ರುತಿ ಉಳಿಯುವುದಿದ್ದರೆ ಅದನ್ನು ಓಡಿಸುವವನ ಕೈಯಲ್ಲೇ ಉಳಿಯಬೇಕು. ಬೇಕಾದ ಸಾಮಾನು ಹೆಚ್ಚೇನಿಲ್ಲ: ಒಂದು ಫೀಲರ್ ಗೇಜು, ಒಂದು ಪ್ಲಗ್ ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್, ಒಂದು ಚೂರು ಕಾಗದ. ಬರುವ ಭಾನುವಾರ ನಂದಿಬೆಟ್ಟ ಬಿಡಿ, ಮನೆಯ ಜಗುಲಿಯ ಮುಂದೆ ಗಾಡಿ ನಿಲ್ಲಿಸಿ ಬಲಗಡೆಯ ಮುಚ್ಚಳ ಬಿಚ್ಚಿ.